ಮಕ್ಕಳ ಬ್ಯಾಲೆ ಶೂಗೆ ಎಲಾಸ್ಟಿಕ್ ಹೊಲಿಯೋ ಜಾಗ

ಮಗುವಿನ ಬ್ಯಾಲೆ ಶೂಗೆ ಎಲಾಸ್ಟಿಕ್ ಎಲ್ಲಿ ಹೊಲಿಯಬೇಕು ಅಂತ ಗೊಂದಲವಿದ್ದರೆ ಹೀಗೆ ಮಾಡಿ. ಶೂವಿನ ಹಿಮ್ಮಡಿ ಭಾಗವನ್ನು ಒಳಗಡೆಗೆ, ಅಟ್ಟೆಯ ಮೇಲೆ ಚಪ್ಪಟೆಯಾಗಿ ಮಡಚಿ. ಆಗ ಎರಡೂ ಪಕ್ಕದ ಅಂಚಿನಲ್ಲಿ ಒಂದೊಂದು ಮೂಲೆ ಮೂಡುತ್ತದೆ. ಅಲ್ಲೇ ಪೆನ್ಸಿಲ್‌ನಿಂದ ಗುರುತು ಹಾಕಿ, ಎಲಾಸ್ಟಿಕ್ಕನ್ನು ಮಡಿಕೆಯಂತೆ ಸ್ವಲ್ಪ ಮುಂದಕ್ಕೆ ಓರೆಯಾಗಿಟ್ಟು ಹೊಲಿಯಿರಿ. ಹೀಗೆ ಹೊಲಿದರೆ ಪಟ್ಟಿ ಪಾದದ ಮೇಲ್ಭಾಗಕ್ಕೆ ಸರಿಯಾಗಿ ಕೂರುತ್ತದೆ. ಹಿಮ್ಮಡಿ ಕಳಚಲ್ಲ, ಮಗು ಬೆರಳು ಚಾಚಿದಾಗ ಒತ್ತೋದೂ ಇಲ್ಲ. ಮೊದಲು ಒಂದು ತುದಿ ಮಾತ್ರ ಹೊಲಿದು, ಮಗುವನ್ನು ನಿಲ್ಲಿಸಿ ಅಳತೆ ನೋಡಿ, ಆಮೇಲೆ ಇನ್ನೊಂದು ತುದಿ. ಬಿಗಿಯಾಗಿರಲಿ, ಆದರೆ ಚರ್ಮದ ಮೇಲೆ ಕೆಂಪು ಗೆರೆ ಬೀಳಬಾರದು. ಇನ್ನೊಂದು ಮಾತು: ಅಂಚಿನ ಒಳಗೆ ದಾರ ಓಡುತ್ತಲ್ವಾ, ಸೂಜಿ ಅದಕ್ಕೆ ಚುಚ್ಚದಂತೆ ಜಾಗ್ರತೆ. ಚುಚ್ಚಿದರೆ ದಾರ ಎಳೆದು ಶೂ ಬಿಗಿ ಮಾಡೋಕೇ ಆಗಲ್ಲ. "ಬೆಳೆಯೋ ಮಗು" ಅಂತ ಒಂದು ಸೈಜ್ ಜಾಸ್ತಿ ತಗೊಂಡ ಶೂಗೆ ಇದರಿಂದ ಉಪಯೋಗವಿಲ್ಲ. ಬೆರಳ ತುದಿಯಲ್ಲಿ ಬಟ್ಟೆ ಸುಕ್ಕುಗಟ್ಟಿ ಮಗು ಎಡವುತ್ತದೆ, ದಯವಿಟ್ಟು ಸೈಜ್ ಬದಲಿಸಿ. ಕೆಲವು ಟೀಚರ್‌ಗಳು ಅಡ್ಡಡ್ಡ ಎರಡು ಪಟ್ಟಿ ಕೇಳುತ್ತಾರೆ, ಅದಕ್ಕೆ ಜಾಗ ಬೇರೆ. ಅವರನ್ನೇ ಕೇಳಿ ಹೊಲಿಯಿರಿ.