ಗಡಿಯಾರ ಬಿಟ್ಟು ತಿಥಿ ಹಿಡಿದ ನಡಿಗೆ: ಅಘನಾಶಿನಿ ಅಳಿವೆಯಲ್ಲಿ ನನ್ನ ಅನುಭವ

ಅಘನಾಶಿನಿ ನದಿ ಕಡಲು ಸೇರುವ ಅಳಿವೆಯ ದಂಡೆಯಲ್ಲಿ ಜನರಿಂದ ಹಣ ಪಡೆದು ನಡಿಗೆ ನಡೆಸಬಹುದು ಎಂದು ನಾನು ಹೇಳಿದಾಗ, ಗೋಕರ್ಣದಲ್ಲಿ ಹೋಮ್‌ಸ್ಟೇ ಇಟ್ಟುಕೊಂಡ ಸ್ನೇಹಿತರಾಗಲಿ, ಘಟ್ಟದ ಮೇಲೆ ಚಾರಣ ನಡೆಸುವ ಒಡನಾಡಿಗಳಾಗಲಿ ಒಪ್ಪಿರಲಿಲ್ಲ. ಕುಡ್ಲೆ ಮತ್ತು ಓಂ ಕಡಲತೀರಗಳನ್ನು ಬಿಟ್ಟು ಸಾಣಿಕಟ್ಟಾದ ಕೆಸರು ನೋಡಲು ಯಾರು ಬರುತ್ತಾರೆ ಎಂಬುದು ಅವರೆಲ್ಲರ ಪ್ರಶ್ನೆಯಾಗಿತ್ತು. ಈಗ ಡಿಸೆಂಬರ್‌ನಿಂದ ಮಾರ್ಚ್‌ವರೆಗಿನ ನಡಿಗೆಗಳು ಮೂರ್ನಾಲ್ಕು ವಾರ ಮೊದಲೇ ಭರ್ತಿಯಾಗುತ್ತವೆ, ಅಂದು ಬೇಡವೆಂದವರಲ್ಲಿ ಇಬ್ಬರು ತಮ್ಮ ಅತಿಥಿಗಳನ್ನು ನನ್ನ ಬಳಿಗೇ ಕಳಿಸುತ್ತಾರೆ. ಇಂಥ ನಡಿಗೆಗಳನ್ನು ಈಗಾಗಲೇ ನಡೆಸುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಆದ್ದರಿಂದ ದುರ್ಬೀನು, ಪ್ರಥಮ ಚಿಕಿತ್ಸೆ, ಗುಂಪು ನಿಭಾಯಿಸುವ ರೀತಿ ಮೊದಲಾದವುಗಳ ಬಗ್ಗೆ ಹೇಳುವುದಿಲ್ಲ.

ಮೊದಲ ಎರಡು ಋತುಗಳಲ್ಲಿ ನಡೆದದ್ದು ಬರೀ ನಷ್ಟ. ಆಗಿನ ಯೋಜನೆಯಲ್ಲಿ ಮಿರ್ಜಾನ್ ಕೋಟೆಯೂ ಇತ್ತು. ಕೋಟೆ ನೋಡಿಸಿ, ಟೆಂಪೊ ಟ್ರಾವೆಲರ್‌ನಲ್ಲಿ ಸಾಣಿಕಟ್ಟಾಕ್ಕೆ ಕರೆತಂದು, ಅಲ್ಲಿಂದ ತದಡಿಯವರೆಗೆ ನಡೆಸುವುದು ಅದರ ಕ್ರಮವಾಗಿತ್ತು. ತಲೆಗೆ 300 ರೂಪಾಯಿಯಂತೆ ಇಪ್ಪತ್ತರಷ್ಟು ಜನರನ್ನು ಸೇರಿಸಿದರೂ ವಾಹನದ ಬಾಡಿಗೆಯೇ ಐದಾರು ಸಾವಿರವಾಗುತ್ತಿತ್ತು, ಉಪಾಹಾರದ ಖರ್ಚು ಕಳೆದ ಮೇಲೆ ಕೈಯಿಂದಲೇ ಹಾಕಬೇಕಾಗುತ್ತಿತ್ತು. ಹಣಕ್ಕಿಂತ ದೊಡ್ಡ ತೊಂದರೆ ಹೊತ್ತಿನದು. ಕೋಟೆಯಿಂದ ಬರುವಷ್ಟರಲ್ಲಿ ಹತ್ತೂವರೆಯಾಗಿ, ಭರತದ ನೀರು ಒಡ್ಡಿನ ಬುಡಕ್ಕೆ ಬಂದು, ಕೆಸರಿನ ಬಯಲಾಗಲಿ ಅದರ ಮೇಲಿನ ಹಕ್ಕಿಗಳಾಗಲಿ ಕಾಣುತ್ತಿರಲಿಲ್ಲ. ಅತಿಥಿಗಳಿಗೆ ಸಿಕ್ಕಿದ್ದು ಬಿಸಿಲು ಮತ್ತು ನೀರು ಮಾತ್ರ. ಅವೆರಡು ಋತುಗಳಲ್ಲಿ ಎಲ್ಲ ಸೇರಿ ಎಂಬತ್ತು ಸಾವಿರದ ಸುಮಾರಿಗೆ ಕಳೆದಿರಬೇಕು. ಅದರಲ್ಲಿ ಐನೂರರಷ್ಟು ಅಚ್ಚು ಹಾಕಿಸಿದ ಹಕ್ಕಿಗಳ ಕಿರುಪುಸ್ತಕದ ಖರ್ಚೂ ಸೇರಿದೆ. ಕೈಯಲ್ಲಿ ಪುಸ್ತಕವಿದ್ದವರು ಪುಟ ತಿರುವುತ್ತಿದ್ದರೇ ಹೊರತು ಹಕ್ಕಿಯನ್ನು ನೋಡುತ್ತಿರಲಿಲ್ಲ.

ಪರಿಹಾರವನ್ನು ನನಗೆ ತೋರಿಸಿಕೊಟ್ಟವರು ಚಿಪ್ಪಿಕಲ್ಲು (ತಿನ್ನಲು ಬಳಸುವ ಚಿಪ್ಪುಜೀವಿ) ತೆಗೆಯುವ ಹೆಂಗಸರು. ಅವರಿಗೆ ಭಾನುವಾರವೂ ಇಲ್ಲ, ಬೆಳಗಿನ ಏಳು ಗಂಟೆಯೂ ಇಲ್ಲ. ಇರುವುದು ತಿಥಿ ಮತ್ತು ನೀರು. ಅಮಾವಾಸ್ಯೆ, ಹುಣ್ಣಿಮೆಗಳ ದಿನ ನಮ್ಮ ಕರಾವಳಿಯಲ್ಲಿ ಇಳಿತವು ನಸುಕಿನಲ್ಲೇ ಮುಗಿದುಬಿಡುತ್ತದೆ. ದಿನಕ್ಕೆ ಐವತ್ತು ನಿಮಿಷದಷ್ಟು ಅದು ತಡವಾಗುತ್ತ ಹೋಗುವುದರಿಂದ ಬಿದಿಗೆಯಿಂದ ಚೌತಿಯವರೆಗಿನ ಮೂರು ದಿನಗಳಲ್ಲಿ ಬೆಳಗಿನ ಏಳು, ಎಂಟು ಗಂಟೆಯ ಸುಮಾರಿಗೆ ನೀರು ಕೆಳಮಟ್ಟಕ್ಕೆ ಬರುತ್ತದೆ, ಇಳಿತವೂ ಇನ್ನೂ ದೊಡ್ಡದಾಗಿಯೇ ಇರುತ್ತದೆ. ಅಷ್ಟಮಿಯ ಆಸುಪಾಸಿನಲ್ಲಿ ನೀರು ಹೆಚ್ಚು ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಆ ವಾರ ನಾನು ನಡಿಗೆ ಇಡುವುದೇ ಇಲ್ಲ. ವಾರಾಂತ್ಯವನ್ನು ಬಿಟ್ಟು ಪಂಚಾಂಗ ನೋಡಿ ದಿನ ಗೊತ್ತುಮಾಡಿದರೆ ಬೆಂಗಳೂರಿನವರು ಬರುವುದಿಲ್ಲ ಎಂದು ಎಲ್ಲರೂ ಎಚ್ಚರಿಸಿದರು. ಬಂದರು, ರಜೆ ಹಾಕಿಯೂ ಬಂದರು. ಕಾರವಾರ ಬಂದರಿನ ಭರತ-ಇಳಿತದ ಕೋಷ್ಟಕವನ್ನೇ ನೆಚ್ಚುವವರಿಗೆ ಒಂದು ಮಾತು: ಅಳಿವೆಯ ಒಳಗೆ ನೀರು ಹೊರಳುವುದು ಕಡಲಿಗಿಂತ ತಡವಾಗಿ, ಅದೂ ಒಂದೊಂದು ಹಳ್ಳದ ಬಾಯಿಯಲ್ಲಿ ಒಂದೊಂದು ಬಗೆಯಾಗಿ. ನನ್ನ ಟಿಪ್ಪಣಿ ಪುಸ್ತಕದಲ್ಲಿ ಆ ವ್ಯತ್ಯಾಸಗಳು ಜಾಗವಾರು ಬರೆದಿವೆ. ಅವನ್ನು ಇಲ್ಲಿ ಕೊಡುವುದಿಲ್ಲ, ಕೊಟ್ಟರೂ ಮರಳು ಸರಿದಂತೆ ಅವು ಬದಲಾಗುತ್ತವೆ. ಅವರವರ ಅಳಿವೆಯನ್ನು ಅವರವರೇ ಒಂದು ವರ್ಷ ನಿಂತು ನೋಡಬೇಕು.

ಎರಡನೆಯ ಬದಲಾವಣೆಯಾಗಿ ದೂರವನ್ನು ಕಡಿಮೆ ಮಾಡಿದೆ. ಮಿರ್ಜಾನನ್ನು ತೆಗೆದುಹಾಕಿ, ಸಾಣಿಕಟ್ಟಾದ ಉಪ್ಪಿನ ಆಗರಗಳಿಂದ ಹೊರಟು, ಒಡ್ಡುಗಳ ಮೇಲೆ ಮತ್ತು ಕೆಸರಿನ ಅಂಚಿನಲ್ಲಿ ನಡೆದು, ತದಡಿಯಲ್ಲಿ ತಾರಿ (ನದಿ ದಾಟಿಸುವ ದೋಣಿ) ಹತ್ತಿ, ಆಚೆ ದಂಡೆಯ ಅಘನಾಶಿನಿ ಊರಿನಲ್ಲಿ ಮುಗಿಸುವ ನಾಲ್ಕೈದು ಕಿಲೋಮೀಟರಿನ ಹಾದಿಯನ್ನಷ್ಟೇ ಉಳಿಸಿಕೊಂಡೆ. ಇದಕ್ಕೆ ನಾಲ್ಕು ಗಂಟೆಗೂ ಮೀರಿ ಹೊತ್ತು ಹಿಡಿಯುತ್ತದೆ. ಇಷ್ಟು ನಿಧಾನಕ್ಕೆ ಅತಿಥಿಗಳು ಬೇಸರಪಡುತ್ತಾರೆ ಎಂದವರಿದ್ದರು, ಆದರೆ ಬೇಸರಪಟ್ಟವರನ್ನು ನಾನು ಕಂಡಿದ್ದು ವೇಗವಾಗಿ ನಡೆಸಿದಾಗಲೇ.

ಇತಿಹಾಸವನ್ನು ಹೇಳುವ ಕ್ರಮವೂ ಇದರೊಂದಿಗೆ ಬದಲಾಯಿತು. ಹಿಂದೆ ಕೋಟೆಯ ಗೋಡೆಯ ಕೆಳಗೆ ನಿಲ್ಲಿಸಿ ಅರ್ಧ ಗಂಟೆ ಮಾತಾಡುತ್ತಿದ್ದೆ. ಈಗ ಉಪ್ಪಿನ ಮಾತನ್ನು ಆಗರದಲ್ಲಿ, ಅಕ್ಕಿಯ ಮಾತನ್ನು ಗಜನಿಯ (ಅಳಿವೆಯಂಚಿನ ಉಪ್ಪುನೀರಿನ ಗದ್ದೆಯ) ಒಡ್ಡಿನ ಮೇಲೆ, ಕಾಳುಮೆಣಸಿನ ಮಾತನ್ನು ತಾರಿಯಲ್ಲಿ ಆಡುತ್ತೇನೆ. ಭರತದ ನೀರನ್ನು ಒಳಗೆ ಬಿಟ್ಟುಕೊಂಡು, ಪಾತಿಯಿಂದ ಪಾತಿಗೆ ಹರಿಸಿ, ಬಿಸಿಲಿಗೆ ಗಟ್ಟಿಯಾಗಿಸಿ ಉಪ್ಪು ತೆಗೆಯುವ ಕೆಲಸವನ್ನು ಜನವರಿಯ ನಂತರ ಕಣ್ಣಾರೆ ನೋಡಬಹುದು. ತಲೆತಲಾಂತರದಿಂದ ಈ ಕೆಲಸದಲ್ಲಿರುವ ಆಗೇರ ಸಮುದಾಯದ ಹಿರಿಯರೊಬ್ಬರು ನಡಿಗೆಯ ದಿನ ಅರ್ಧ ಗಂಟೆ ನಮ್ಮೊಂದಿಗೆ ಇರುತ್ತಾರೆ. 1930ರ ಏಪ್ರಿಲ್‌ನಲ್ಲಿ ಎಂ. ಪಿ. ನಾಡಕರ್ಣಿಯವರ ನೇತೃತ್ವದಲ್ಲಿ ಉಪ್ಪಿನ ಕಾನೂನು ಮುರಿಯಲು ಪಕ್ಕದ ಅಂಕೋಲೆಯಲ್ಲಿ ಜನ ಏಕೆ ಸೇರಿದರು ಎಂಬುದನ್ನು ಉಪ್ಪಿನ ರಾಶಿಯ ಪಕ್ಕದಲ್ಲಿ ನಿಂತವರಿಗೆ ನಾನು ಬಿಡಿಸಿ ಹೇಳಬೇಕಾಗುವುದಿಲ್ಲ. ಮೆಣಸಿನ ಮಾತು ತಾರಿಗೆ ಸೇರಿದ್ದಕ್ಕೂ ಕಾರಣವಿದೆ. ಘಟ್ಟದಿಂದ ಇಳಿದ ಕಾಳುಮೆಣಸು ದೋಣಿಗಳಲ್ಲಿ ಕಡಲಿಗೆ ಹೋದದ್ದು ಇದೇ ನೀರಿನ ಮೇಲೆ. 16ನೇ ಶತಮಾನದ ಉತ್ತರಾರ್ಧದಲ್ಲಿ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದದ್ದೂ, ಅವಳ ಹೆಸರಿನೊಂದಿಗೆ ಜನ ಸೇರಿಸುವ ಮಿರ್ಜಾನ್ ಕೋಟೆ ಈ ನದಿಯ ಮಗ್ಗುಲಲ್ಲಿ ಎದ್ದದ್ದೂ ನೀರಿನ ನಡುವೆ ಕುಳಿತಾಗ ತಾವಾಗಿ ಕೂಡಿಕೊಳ್ಳುತ್ತವೆ. ಕೋಟೆ ನೋಡಬೇಕೆಂಬ ಆಸೆ ಆಮೇಲೆ ಹುಟ್ಟುತ್ತದೆ, ಹೆಚ್ಚಿನವರು ಮಧ್ಯಾಹ್ನ ತಮ್ಮ ವಾಹನದಲ್ಲೇ ಹೋಗಿ ಬರುತ್ತಾರೆ. ನನ್ನ ಖರ್ಚು ಉಳಿಯಿತು.

ಇನ್ನು ಜೀವಿಗಳ ವಿಷಯ. ನೀರು ಪೂರ್ತಿ ಇಳಿದಾಗ ಹಕ್ಕಿಗಳು ದೂರದ ಕೆಸರಿನಲ್ಲಿ ಚದುರಿರುತ್ತವೆ, ಒಳ್ಳೆಯ ದುರ್ಬೀನಿಗೂ ಅವು ಚುಕ್ಕೆಗಳೇ. ಆ ಹೊತ್ತನ್ನು ನಾನು ಕಾಲಬುಡದ ಜೀವಿಗಳಿಗೆ ಮೀಸಲಿಟ್ಟಿದ್ದೇನೆ: ಒಂದೇ ಕೊಂಡಿ ದೈತ್ಯವಾಗಿರುವ ಗಂಡು ಏಡಿಗಳು, ಕೆಸರಿನ ಮೇಲೆ ಜಿಗಿಯುವ ಮೀನುಗಳು, ಕಾಂಡ್ಲಾ ಗಿಡಗಳಲ್ಲಿ ತಾಯಿಮರದ ಮೇಲೇ ಮೊಳೆತು ತೂಗುವ ಉದ್ದನೆಯ ಬೀಜಗಳು, ಉಪ್ಪಟ್ಟಿಯ ಸುತ್ತ ಕೆಸರಿನಿಂದ ಮೇಲೆದ್ದ ಉಸಿರುಬೇರುಗಳು. ಏಡಿಗಳನ್ನು ನೋಡಲು ಒಂದೇ ಉಪಾಯವೆಂದರೆ ಐದು ನಿಮಿಷ ಅಲುಗಾಡದೆ ನಿಲ್ಲುವುದು. ಒಬ್ಬರು ಕೈ ಎತ್ತಿ ತೋರಿಸಿದರೂ ಇಡೀ ಬಯಲು ಬಿಲ ಸೇರುತ್ತದೆ. ಭರತ ಶುರುವಾಗಿ ಒಂದೂವರೆ, ಎರಡು ಗಂಟೆ ಕಳೆದ ಮೇಲೆ ಹಕ್ಕಿಗಳ ಸರದಿ. ಏರುವ ನೀರು ಅವುಗಳನ್ನು ತಾನೇ ದಂಡೆಯತ್ತ ತಳ್ಳಿಕೊಂಡು ಬರುತ್ತದೆ. ಸರಿಯಾದ ಒಡ್ಡಿನ ಮರೆಯಲ್ಲಿ ಮೊದಲೇ ಕುಳಿತಿದ್ದರೆ ಬಾಗಿದ ಉದ್ದ ಕೊಕ್ಕಿನ ವಿಂಬ್ರೆಲ್‌ಗಳು, ರೀವಗಳು, ಚಳಿಗಾಲದ ಕಡಲಕ್ಕಿಗಳು ಬರಿಗಣ್ಣಿನ ಅಳತೆಗೆ ಸಿಗುತ್ತವೆ. ಹಕ್ಕಿಯ ಬೆನ್ನು ಹತ್ತಿ ಹೋದರೆ ಅದು ಹಾರುತ್ತದೆ, ನೀರನ್ನು ನೆಚ್ಚಿ ಕುಳಿತರೆ ಅದೇ ಬರುತ್ತದೆ ಎಂಬ ಈ ಒಂದು ಲೆಕ್ಕದ ಮೇಲೆಯೇ ನನ್ನ ನಡಿಗೆ ನಿಂತಿದೆ. ಸಾಣಿಕಟ್ಟಾದ ಕಡೆಯಿಂದ ಅಳಿವೆ ಪೂರ್ವಕ್ಕಿರುವುದರಿಂದ ಬೆಳಗಿನ ಸೂರ್ಯ ಕಣ್ಣಿಗೇ ಹೊಡೆಯುತ್ತಾನೆ. ಬೆಳಕು ಬೆನ್ನಿಗೆ ಬರುವಂಥ ಒಂದು ಒಡ್ಡು ಇದೆ, ಅದು ಯಾವುದೆಂದು ಬರೆಯುವುದಿಲ್ಲ. ಅಲ್ಲಿ ಎಂಟು ಜನರಿಗಿಂತ ಹೆಚ್ಚು ಕುಳಿತರೆ ಮರುದಿನ ಹಕ್ಕಿ ಬರುವುದಿಲ್ಲ. ಬಿಳಿಹೊಟ್ಟೆಯ ಕಡಲಹದ್ದಿನ ಗೂಡಿರುವ ಮರವನ್ನೂ, ಕಡಲಾಮೆ ಮೊಟ್ಟೆಯಿಟ್ಟ ಜಾಗವನ್ನೂ ನಾನು ಹಣಕ್ಕಾಗಿ ಯಾರಿಗೂ ತೋರಿಸಿದವನಲ್ಲ.

ಕಾಲಿಗೆ ಹಾಕುವುದರ ಬಗ್ಗೆ ಎಷ್ಟು ಹೇಳಿದರೂ ಸಾಲದು. ಗಂಬೂಟು ಕೊಂಡಿದ್ದೆ, ಒಂದು ಡಜನಿಗೆ ಐದಾರು ಸಾವಿರ ಬಿದ್ದಿತ್ತು. ಕೆಸರು ಅವನ್ನು ಹೀರಿ ಹಿಡಿದುಕೊಂಡು ಕಾಲು ಮಾತ್ರ ಹೊರಬರುತ್ತಿತ್ತು. ಬರಿಗಾಲಿನಲ್ಲಿ ನಡೆಸಿದರೆ ಕಲ್ಲಿಗಂಟಿದ ಚಿಪ್ಪಿನ ಅಂಚು ಅಂಗಾಲನ್ನು ಸೀಳುತ್ತದೆ. ಕಣಕಾಲಿಗೆ ಬಿಗಿಯಾಗಿ ಕಟ್ಟಿದ ಹಳೆಯ ಕ್ಯಾನ್ವಾಸ್ ಬೂಟು ಮತ್ತು ದಪ್ಪ ಕಾಲುಚೀಲ, ಇವೆರಡೇ ಕೆಲಸಕ್ಕೆ ಬಂದವು. ಕೆಸರಿಗೆ ಇಳಿಯುವ ಕಾಲು ಗಂಟೆಯನ್ನು ನಾನು ನಡೆಸುವುದಿಲ್ಲ, ಚಿಪ್ಪಿಕಲ್ಲು ತೆಗೆಯುವ ಅಕ್ಕನವರು ನಡೆಸುತ್ತಾರೆ. ಯಾವ ಕೆಸರು ಕಾಲನ್ನು ತಡೆಯುತ್ತದೆ, ಯಾವುದು ನುಂಗುತ್ತದೆ ಎಂಬುದು ಅವರಿಗೆ ಬಣ್ಣದಲ್ಲೇ ತಿಳಿಯುತ್ತದೆ. “ತಮಾ, ನೀರು ಹೊರಳಿತು, ಇವರನ್ನು ಮೇಲೆ ಹತ್ತಿಸು” ಎಂದು ಅವರು ಹೇಳಿದರೆ ಮರುಮಾತಿಲ್ಲ. ಈ ಅಳಿವೆಯಿಂದ ವರ್ಷಕ್ಕೆ ಇಪ್ಪತ್ತು ಸಾವಿರ ಟನ್ನಿಗೂ ಮೀರಿ ಚಿಪ್ಪಿಕಲ್ಲು ತೆಗೆಯುತ್ತಿದ್ದ ಕಾಲವಿತ್ತು, ಎರಡು ಸಾವಿರಕ್ಕೂ ಹೆಚ್ಚು ಜನ ಅದರಲ್ಲಿ ತೊಡಗಿದ್ದರು. ಆ ಅಂಕಿಗಳನ್ನು ನನ್ನ ಬಾಯಿಂದ ಕೇಳುವುದಕ್ಕೂ, ಬುಟ್ಟಿ ಹೊತ್ತು ನಿಂತವರಿಂದ ಇಂದಿನ ಇಳುವರಿಯ ಕಷ್ಟವನ್ನು ಕೇಳುವುದಕ್ಕೂ ಬಹಳ ಅಂತರವಿದೆ.

ನಡುವೆ ಒಂದು ಪ್ರಯೋಗ ಮಾಡಿದೆ. ನೀರಿನ ಲವಣಾಂಶ ಅಳೆಯುವ ಕೈಯಳತೆಯ ರಿಫ್ರ್ಯಾಕ್ಟೋಮೀಟರ್ ಒಂದನ್ನು ಎರಡು ಸಾವಿರದಷ್ಟು ಕೊಟ್ಟು ತರಿಸಿ, ಅದೇ ಜಾಗಗಳಲ್ಲಿ ತಿಂಗಳು ತಿಂಗಳೂ ಅಳೆಯುತ್ತ ಬಂದೆ. ಏಪ್ರಿಲ್‌ನಲ್ಲಿ ತದಡಿಯ ಬಳಿ ಕಡಲಿನಷ್ಟೇ, ಅಂದರೆ ಸಾವಿರಕ್ಕೆ ಮೂವತ್ತಮೂರು, ಮೂವತ್ತನಾಲ್ಕರಷ್ಟು ಉಪ್ಪಿತ್ತು. ಜುಲೈನ ಜಡಿಮಳೆಯಲ್ಲಿ ಒಳಗಿನ ಹಳ್ಳಗಳಲ್ಲಿ ಅಳತೆ ಸೊನ್ನೆಯ ಹತ್ತಿರ ಆಡುತ್ತಿತ್ತು. ಬೇಸಗೆಯ ಉಪ್ಪು ಮತ್ತು ಮಳೆಗಾಲದ ಕಗ್ಗ ಭತ್ತ (ಉಪ್ಪು ತಡೆಯುವ ಸ್ಥಳೀಯ ತಳಿ) ಒಂದೇ ನೀರಿನ ಎರಡು ಬೆಳೆಗಳು ಎಂಬುದು ಆಗ ನನಗೆ ಅಂಕಿಯಲ್ಲೇ ಸಿಕ್ಕಿತು. ಈಗ ಮಕ್ಕಳಿರುವ ಗುಂಪುಗಳಿಗೆ ಉಪಕರಣವನ್ನು ಕೊಟ್ಟು ಅವರಿಂದಲೇ ಅಳೆಸುತ್ತೇನೆ.

ಹಣದ ಲೆಕ್ಕ ಈಗ ಹೀಗಿದೆ. ಗುಂಪಿಗೆ ಎಂಟು ಜನ, ತಲೆಗೆ 1,200 ರೂಪಾಯಿ. ಕೆಸರಿನಲ್ಲಿ ನಡೆಸುವ ಅಕ್ಕನವರಿಗೆ 800, ಆಗರದ ಹಿರಿಯರಿಗೆ 500, ಆಚೆ ದಂಡೆಯ ಮನೆಯೊಂದರಲ್ಲಿ ಗಂಜಿ, ಒಣಮೀನಿನ ಚಟ್ನಿ, ಬಾಳೆಹಣ್ಣಿನ ಉಪಾಹಾರಕ್ಕೆ ತಲೆಗೆ 150, ತಾರಿಯ ಖರ್ಚು ಬಹಳ ಸ್ವಲ್ಪ. ಎಲ್ಲ ಕಳೆದು ಏಳು ಸಾವಿರದಷ್ಟು ಉಳಿಯುತ್ತದೆ. ತಿಂಗಳಲ್ಲಿ ನಡಿಗೆಗೆ ಒದಗುವುದು ಐದಾರು ದಿನಗಳಷ್ಟೇ, ಆದರೂ ಹಿಂದೆ ಪ್ರತಿ ವಾರಾಂತ್ಯ ಓಡಾಡಿ ಕಳೆದುಕೊಂಡದ್ದಕ್ಕಿಂತ ಇದು ಮೇಲು. ಅಳಿವೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದ ಮೇಲೆ ದೊಡ್ಡ ಗುಂಪುಗಳಿಗೆ ಬೇಡಿಕೆ ಬರುತ್ತಿದೆ, ಐವತ್ತು ಜನರಿಗೆ ಒಟ್ಟಿಗೆ ಮಾಡಿಕೊಡಿ ಎಂದು ಕೇಳಿದವರಿಗೆ ಇಲ್ಲವೆಂದಿದ್ದೇನೆ.

ಮಳೆಗಾಲದಲ್ಲಿ ಆಗರದ ಕೆಲಸ ನಿಂತಿರುತ್ತದೆ, ಹಾಗಾಗಿ ನಡಿಗೆ ಮಾಣಿಕಟ್ಟಾದ ಕಡೆಯ ಗಜನಿಗಳಿಗೆ ಹೋಗುತ್ತದೆ. ಜಂತ್ರಡಿಯ (ಒಡ್ಡಿನಲ್ಲಿರುವ ತೂಬಿನ) ಬಾಗಿಲು ನೀರಿನ ಒತ್ತಡಕ್ಕೆ ತಾನೇ ಮುಚ್ಚಿಕೊಳ್ಳುವುದನ್ನು ನೋಡುವುದಕ್ಕೆ ಜನ ಕೊಡೆ ಹಿಡಿದು ನಿಲ್ಲುತ್ತಾರೆ. ಮೊಳಕೆ ಬರಿಸಿದ ಕಗ್ಗದ ಬೀಜ ಬಿತ್ತುವ ದಿನಗಳಲ್ಲಿ ಗುಂಪಿಗೆ ನಾಲ್ಕು ಜನ ಸಾಕು, ಏಕೆಂದರೆ ಒಡ್ಡು ಜಾರುತ್ತದೆ ಮತ್ತು ರೈತರಿಗೆ ಅಂದು ಮಾತಾಡಲು ಹೊತ್ತಿರುವುದಿಲ್ಲ. ಇದರ ದರವನ್ನು 700ಕ್ಕೆ ಇಟ್ಟಿದ್ದೇನೆ, ಕೊಯ್ಲಿನ ನಂತರ ಕಗ್ಗದ ಅಕ್ಕಿಯನ್ನು ರೈತರಿಂದ ನೇರವಾಗಿ ಕೊಳ್ಳಲು ಹೆಸರು ಬರೆಸಿದವರಿಗೆ ಅದರಲ್ಲಿ ನೂರು ರೂಪಾಯಿ ಕಡಿಮೆ.