ಕೊಲೆಸ್ಟ್ರಾಲ್ ಗುಳಿಗೆ ತಗೊಂಡ್ಮೇಲೆ ಮೈಕೈ ನೋವಾ? ಬಿಡೋ ಮುಂಚೆ ಇಷ್ಟು ಮಾಡಿ ನೋಡಿ

ಶಿರಸಿ ಕಡೆ ಯಾರಿಗಾದ್ರೂ ಡಾಕ್ಟ್ರು ಸ್ಟ್ಯಾಟಿನ್ (ಕೊಲೆಸ್ಟ್ರಾಲ್ ಇಳಿಸೋ ಗುಳಿಗೆ) ಬರ್ದ್ರೆ ಸಾಕು, ನೆಂಟರು ವಾಟ್ಸಾಪ್ ಗ್ರೂಪು ಎಲ್ಲಾ ಸೇರಿ "ಅದಾ, ಕಾಲು ಸೆಳಿಯೋದು ಗ್ಯಾರಂಟಿ" ಅಂತಾರೆ, ಸ್ವಲ್ಪ ದಿನಕ್ಕೆ ಕಾಲು ಸೆಳಿಯೋಕೆ ಶುರುನೂ ಆಗತ್ತೆ, ಅಪ್ಪ ಯಾರಿಗೂ ಹೇಳ್ದೆ ಗುಳಿಗೆ ಬಿಟ್ಬಿಡ್ತಾನೆ. ಆಗ ದಯವಿಟ್ಟು "ಎಂತದೂ ಇಲ್ಲ, ನಿಂಗೆ ಭ್ರಮೆ" ಅನ್ಬೇಡಿ. ನೋವು ನಿಜವಾಗ್ಲೂ ಇದೆ. ಕಾರಣ ಮಾತ್ರ ಬೇರೆ ಇರಬಹುದು, ನೋವು ಬರತ್ತೆ ಅಂತ ಕಾಯ್ತಾ ಇದ್ರೆ ಮಿದುಳು ಸಣ್ಣ ಸೆಳೆತನೂ ಬಿಡದೆ ಹಿಡಿಯತ್ತೆ. ಇದಕ್ಕೆ ನೊಸಿಬೋ ಅಂತಾರೆ.

ಲಂಡನ್ನಲ್ಲಿ ಸ್ಯಾಮ್ಸನ್ ಅಂತ ಒಂದು ಅಧ್ಯಯನ ಆಯ್ತು, 2020ರಲ್ಲಿ ಫಲಿತಾಂಶ ಬಂತು. ತೊಂದ್ರೆ ಆಗಿ ಸ್ಟ್ಯಾಟಿನ್ ಬಿಟ್ಟಿದ್ದ 60 ಜನಕ್ಕೆ ಕೆಲವು ತಿಂಗ್ಳು ನಿಜವಾದ ಗುಳಿಗೆ, ಕೆಲವು ತಿಂಗ್ಳು ಔಷಧನೇ ಇಲ್ದ ಗುಳಿಗೆ, ಕೆಲವು ತಿಂಗ್ಳು ಏನೂ ಇಲ್ಲ. ನಿಜವಾದ ಗುಳಿಗೆಲಿ ಆದ ತೊಂದ್ರೆಲಿ ಸುಮಾರು 90% ಔಷಧ ಇಲ್ದ ಗುಳಿಗೆಲೂ ಆಯ್ತು, ಏನೂ ತಗೊಳ್ದ ತಿಂಗ್ಳಲ್ಲಿ ತುಂಬಾ ಕಮ್ಮಿ. ಇದನ್ನ ತೋರ್ಸಿದ್ಮೇಲೆ ಅರ್ಧ ಜನ ಮತ್ತೆ ಸ್ಟ್ಯಾಟಿನ್ ಶುರು ಮಾಡಿದ್ರು. ಮನೇಲಿ ಇದನ್ನೇ ಕೂತು ನಿಧಾನಕ್ಕೆ ಹೇಳಿ, ನನ್ ಪ್ರಕಾರ ಬೈಯೋದಕ್ಕಿಂತ ಇದೇ ಕೆಲ್ಸ ಮಾಡತ್ತೆ.

ಗುಳಿಗೆ ಶುರು ಮಾಡೋ ಮುಂಚೆ ಒಂದು ವಾರ ಈಗಾಗ್ಲೇ ಇರೋ ನೋವನ್ನೆಲ್ಲಾ ಕ್ಯಾಲೆಂಡರ್ ಮೇಲೆ ಬರ್ದಿಡಿ, ಎಷ್ಟು ನೋವು ಅಂತ ಹತ್ತಕ್ಕೆ ಇಷ್ಟು ಅಂತ ಅಂಕ ಹಾಕಿ. ಅಡಿಕೆ ಕೊನೆ ಕೊಯ್ಲಿನ ಟೈಮಲ್ಲಿ, ಸುಲಿಯೋಕೆ ಕೂತ ದಿನ ಸೊಂಟ ಹೇಗಿತ್ತು ಅನ್ನೋದೂ ಅದ್ರಲ್ಲಿ ಇರ್ಲಿ, ಇಲ್ಲಾಂದ್ರೆ ಆಮೇಲೆ ಎಲ್ಲಾ ನೋವೂ ಗುಳಿಗೆ ಲೆಕ್ಕಕ್ಕೇ ಹೋಗತ್ತೆ. ದಿನಾ "ಕಾಲು ನೋಯ್ತಾ" ಅಂತ ಕೇಳ್ಬೇಡಿ, "ಇವತ್ತು ಹೇಗಿದ್ಯೋ" ಅಂತ ಮಾತ್ರ ಕೇಳಿ. ಡಾಕ್ಟ್ರು ನೂರಕ್ಕೆ ಐದು ಜನಕ್ಕೆ ತೊಂದ್ರೆ ಅಂದ್ರೆ, ಮನೇಲಿ "95 ಜನಕ್ಕೆ ಎಂತದೂ ಆಗಲ್ಲ" ಅಂತ ಹೇಳಿ, ಸುಳ್ಳೇನೂ ಅಲ್ಲ ಅದು. ನೋವು ಹೋಗ್ಲೇ ಇಲ್ವಾ, ಕ್ಯಾಲೆಂಡರ್ ತಗೊಂಡು ಡಾಕ್ಟ್ರ ಹತ್ರನೇ ಹೋಗಿ, ಸ್ವಲ್ಪ ದಿನ ನಿಲ್ಸಿ ಮತ್ತೆ ಕೊಡೋದಾ, ಡೋಸ್ ಕಮ್ಮಿ ಮಾಡೋದಾ, ಬೇರೆ ಗುಳಿಗೆಯಾ ಅಂತ ಅವ್ರು ನೋಡ್ತಾರೆ.

ಆದ್ರೆ ಸ್ನಾಯು ಜೋರು ನೋಯ್ತಾ, ಶಕ್ತಿನೇ ಇಲ್ದಂಗಾಗಿ, ಮೂತ್ರ ಕಪ್ಪು ಚಾ ಬಣ್ಣಕ್ಕೆ ಬಂದ್ರೆ ನೊಸಿಬೋ ಅಂತ ಕೂರ್ಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ. ಬೇಸಿಗೇಲಿ ಬೆಟ್ಟಕ್ಕೆ ದರಕು (ಒಣಗಿದ ಎಲೆ) ತರೋಕೆ ಹೋಗಿ ಬಂದ್ಮೇಲೆ ಜ್ವರ, ತಲೆನೋವು, ಮೈಕೈ ನೋವು ಒಟ್ಟಿಗೆ ಬಂದ್ರೆ ಗುಳಿಗೆದೇ ಅಂತ ಕೂರದೆ, ಕಾಡಲ್ಲಿ ಉಣ್ಣಿ ಕಚ್ಚಿ ಬರೋ ಮಂಗನ ಕಾಯಿಲೆ ಟೆಸ್ಟ್ ಮಾಡ್ಸಿ, ಕಾಡಿಗೆ ಹೋಗಿದ್ದು ಡಾಕ್ಟ್ರಿಗೆ ಮೊದ್ಲೇ ಹೇಳಿ.