ಫ್ಲೆಮಿಂಗೊ ನೋಡಲು ಎಂಟು ನಿಮಿಷ, ಕಲಿಯಲು ಒಂದು ವಾರ

ಪ್ರಾಣಿ–ಪಕ್ಷಿಗಳ ಸಾಕ್ಷ್ಯಚಿತ್ರ ಹಾಕಿದರೆ ಮಕ್ಕಳು ಗಂಟೆಗಟ್ಟಲೆ ಕಣ್ಣು ಕೀಳದೆ ನೋಡುತ್ತಾರೆ. ಮರುದಿನ ಕೇಳಿದರೆ ನೆನಪಿರುವುದು ಬೇಟೆಯ ದೃಶ್ಯ ಒಂದೇ. ಇದರಲ್ಲಿ ಮಕ್ಕಳ ತಪ್ಪಿಲ್ಲ. ಐವತ್ತು ನಿಮಿಷದಲ್ಲಿ ಹತ್ತಾರು ಜೀವಿಗಳು ಬಂದು ಹೋದರೆ ಯಾವುದರ ಬಗ್ಗೆಯೂ ಯೋಚಿಸಲು ಪುರಸೊತ್ತು ಸಿಗುವುದಿಲ್ಲ. ಮನೆಯಲ್ಲಿ ಕಲಿಸಲು ಆರರಿಂದ ಎಂಟು ನಿಮಿಷದ ಒಂದು ತುಣುಕು ಸಾಕು. ಮುಂಬೈ, ಠಾಣೆ, ನವಿ ಮುಂಬೈಯ ಕನ್ನಡದ ಮನೆಗಳಿಗೆ ಫ್ಲೆಮಿಂಗೊ ತುಣುಕೇ ಒಳ್ಳೆಯ ಆಯ್ಕೆ. ಸಾಮಾನ್ಯವಾಗಿ ನವೆಂಬರ್‌ನಿಂದ ಮೇವರೆಗೆ ಆ ಹಕ್ಕಿ ಠಾಣೆ ಖಾಡಿಯ (ಸಮುದ್ರದ ನೀರು ನೆಲದೊಳಕ್ಕೆ ಚಾಚಿದ ಕಿರುಕೊಲ್ಲಿ) ಕೆಸರಿನಲ್ಲೇ ಕಾಣಸಿಗುತ್ತದೆ. ಇಲ್ಲಿರುವ ಕ್ರಮ 8ರಿಂದ 13 ವರ್ಷದವರಿಗೆ ಹೊಂದುತ್ತದೆ. ಭಾನುವಾರ ಶುರು ಮಾಡಿ.

ಒಂದೇ ತುಣುಕು, ಮೂರು ಸಲ

ಮೊದಲ ಸಲ ಸದ್ದು ಬಂದ್ ಮಾಡಿ ತೋರಿಸಿ. ನಿರೂಪಕರ ದನಿ ಇದ್ದರೆ ಮಕ್ಕಳು ಕೇಳಿಸಿಕೊಳ್ಳುತ್ತಾರೆ; ಇಲ್ಲದಿದ್ದರೆ ನೋಡುತ್ತಾರೆ. ಮುಗಿದ ಮೇಲೆ ಐದು ಪ್ರಶ್ನೆ ಬರೆಯಲು ಹೇಳಿ. ತಲೆ ಬುಡಮೇಲು ಮಾಡಿಕೊಂಡು ತಿನ್ನುವುದೇಕೆ? ಮರಿ ಮಾತ್ರ ಬೂದು ಬಣ್ಣ ಏಕೆ? ಇಂಥವು ತಾನಾಗಿ ಬರುತ್ತವೆ. ಉತ್ತರ ಗೊತ್ತಿದ್ದರೂ ಆಗಲೇ ಹೇಳಬೇಡಿ. ಹೆಚ್ಚಿನ ಮನೆಗಳಲ್ಲಿ ಪಾಠ ಕೆಡುವುದು ಇಲ್ಲೇ: ಅಪ್ಪನೋ ಅಮ್ಮನೋ ಅವಸರದಲ್ಲಿ ವಿವರಿಸಿಬಿಡುತ್ತಾರೆ, ಇಲ್ಲವೇ ‘ಏನು ಕಲಿತೆ ಹೇಳು’ ಎಂದು ಪರೀಕ್ಷೆಗೆ ಇಳಿಯುತ್ತಾರೆ.

ಎರಡನೇ ಸಲ ಸದ್ದಿನೊಂದಿಗೆ ನೋಡಿ, ಉತ್ತರ ಸಿಕ್ಕ ಪ್ರಶ್ನೆಗಳಿಗೆ ಗುರುತು ಹಾಕಲಿ. ಉಳಿದವೇ ವಾರದ ಪಾಠ. ಮೂರನೇ ಸಲ ನಿಲ್ಲಿಸಿ ನಿಲ್ಲಿಸಿ ನೋಡಿ, ಪ್ರತಿ ದೃಶ್ಯ ದೂರದ್ದೋ ಹತ್ತಿರದ್ದೋ ನಿಧಾನಗತಿಯದ್ದೋ ಎಂದು ಪಟ್ಟಿ ಮಾಡಿಸಿ. ಸೆಕೆಂಡಿಗೆ 250 ಚೌಕಟ್ಟು (ಫ್ರೇಮ್) ಹಿಡಿದು 25ರಂತೆ ತೋರಿಸಿದರೆ ರೆಕ್ಕೆ ಹತ್ತು ಪಟ್ಟು ನಿಧಾನವಾಗಿ ಬಡಿಯುತ್ತದೆ. ಈ ಭಾಗಾಕಾರವನ್ನು ಮಗುವೇ ಮಾಡಲಿ. ಬಹು ದೂರದಿಂದ ಚಿತ್ರೀಕರಿಸಿದ ಹಕ್ಕಿಯ ಕಾಲಡಿಯ ನೀರಿನ ಪಚಪಚ ಸದ್ದು ಎಷ್ಟೋ ಸಲ ಆಮೇಲೆ ಸ್ಟುಡಿಯೊದಲ್ಲಿ ಸೇರಿಸಿದ್ದು. ಇದನ್ನೂ ಹೇಳಿ, ತೆರೆಯ ಮೇಲಿನದ್ದನ್ನೆಲ್ಲ ಹಾಗೇ ನಂಬದಿರುವುದೂ ಒಂದು ಕಲಿಕೆ.

ಬಣ್ಣದ ಪಾಠ ಅಡುಗೆಮನೆಯಲ್ಲಿ

ಫ್ಲೆಮಿಂಗೊ ಹುಟ್ಟುವಾಗ ಗುಲಾಬಿ ಅಲ್ಲ. ಅದು ತಿನ್ನುವ ಪಾಚಿ, ಸೀಗಡಿಗಳಲ್ಲಿರುವ ಕ್ಯಾರೊಟಿನಾಯ್ಡ್ ಎಂಬ ವರ್ಣದ್ರವ್ಯ ಗರಿಗಳಿಗೆ ಸೇರಿ, ಪೂರ್ತಿ ಬಣ್ಣ ಬರಲು ಎರಡು–ಮೂರು ವರ್ಷ ಹಿಡಿಯುತ್ತದೆ. ಬ್ಯಾಡಗಿ ಮೆಣಸಿನ ಕೆಂಪೂ ಅದೇ ಕುಟುಂಬದ್ದು. ತೊಟ್ಟು, ಬೀಜ ತೆಗೆದ ನಾಲ್ಕು ಮೆಣಸನ್ನು ಒರಟಾಗಿ ಕುಟ್ಟಿ, ಎರಡು ಗಾಜಿನ ಲೋಟಗಳಿಗೆ ಸಮ ಹಂಚಿ. ಒಂದಕ್ಕೆ ಕಾಲು ಕಪ್ ಉಗುರುಬೆಚ್ಚಗಿನ ನೀರು, ಇನ್ನೊಂದಕ್ಕೆ ಅಷ್ಟೇ ಬಿಸಿಯ, ಅಷ್ಟೇ ತೆಂಗಿನೆಣ್ಣೆ ಹಾಕಿ. ಅರ್ಧ ಗಂಟೆ ಬಿಟ್ಟು ಬಟ್ಟೆಯಲ್ಲಿ ಸೋಸಿದರೆ ಎಣ್ಣೆ ಕಡುಕೆಂಪಾಗಿರುತ್ತದೆ, ನೀರು ಪೇಲವ. ಈ ಬಣ್ಣ ಕರಗುವುದು ಕೊಬ್ಬಿನಲ್ಲಿ. ಮೆಣಸಿನ ಪುಡಿ ಬಳಸಬೇಡಿ; ಅದರ ಕಣಗಳು ತೇಲಿ ನೀರೂ ಕೆಂಪಾಗಿ ಕಾಣುತ್ತದೆ. ಎಣ್ಣೆ ಕಾದರೆ ಮೆಣಸು ಕರಟಿ ಘಾಟೇಳುತ್ತದೆ. ಕುಟ್ಟುವ, ಸೋಸುವ ಕೆಲಸ ದೊಡ್ಡವರದ್ದು.

ಹಾಗೆಯೇ ಬಾಗಿಲ ಚೌಕಟ್ಟಿಗೆ 90 ಸೆಂ.ಮೀ. ಮತ್ತು 140 ಸೆಂ.ಮೀ. ಎತ್ತರದಲ್ಲಿ ಟೇಪ್ ಅಂಟಿಸಿ. ಮೊದಲನೆಯದು ಸಣ್ಣ ಜಾತಿಯ ಫ್ಲೆಮಿಂಗೊ, ಎರಡನೆಯದು ದೊಡ್ಡದು. ಟಿ.ವಿ.ಯಲ್ಲಿ ಗಾತ್ರ ತಿಳಿಯುವುದೇ ಇಲ್ಲ.

ಉಬ್ಬರದ ಲೆಕ್ಕ

ಈ ಭಾಗಕ್ಕೆ ಎರಡು ದಿನ ಕೊಡಿ, ಏಕೆಂದರೆ ಇಲ್ಲಿ ಲೆಕ್ಕ ತಪ್ಪಿದರೆ ಹಕ್ಕಿ ಕಾಣುವುದಿಲ್ಲ. ನೀರು ಇಳಿದಾಗ ಫ್ಲೆಮಿಂಗೊಗಳು ಕೆಸರಿನಲ್ಲಿ ದೂರಕ್ಕೆ ಚದುರಿ ಮೇಯುತ್ತವೆ. ಉಬ್ಬರ ಏರಿ ಕೆಸರು ಮುಳುಗಿದಾಗ ಅನೇಕ ಹಕ್ಕಿಗಳು ನೆರೂಲ್–ಸೀವುಡ್ಸ್ ಕಡೆಯ ಜೌಗು ಕೆರೆಗಳಿಗೆ ಬಂದು ನಿಲ್ಲುತ್ತವೆ.

ಉದಾಹರಣೆಗೆ, ಭಾನುವಾರ ಬೆಳಿಗ್ಗೆ 7:10ಕ್ಕೆ ಇಳಿತ ಎಂದುಕೊಳ್ಳಿ. ಇಳಿತದಿಂದ ಉಬ್ಬರಕ್ಕೆ ಸುಮಾರು 6 ಗಂಟೆ 12 ನಿಮಿಷ. ಹಾಗಾದರೆ ಉಬ್ಬರ 1:22ಕ್ಕೆ. ಮರುದಿನದ ಇಳಿತ ಸುಮಾರು 50 ನಿಮಿಷ ತಡ, ಅಂದರೆ 8 ಗಂಟೆಗೆ. ಮುಂದಿನ ಭಾನುವಾರಕ್ಕೆ ಏಳು ಸಲ ಐವತ್ತು, 350 ನಿಮಿಷ. ಇಳಿತ ಮಧ್ಯಾಹ್ನ 1 ಗಂಟೆಗೆ ಜಾರಿರುತ್ತದೆ, ಬೆಳಿಗ್ಗೆ 7ಕ್ಕೆ ನೀರು ತುಂಬಿರುತ್ತದೆ. ಒಂದು ವಾರದಲ್ಲಿ ಎಲ್ಲ ತಲೆಕೆಳಗು. ಆ ಬೆಳಿಗ್ಗೆ ಹೋಗಬೇಕಾದ್ದು ಸೀವುಡ್ಸ್ ಕಡೆಗೆ.

ಐವತ್ತು ನಿಮಿಷ ಏಕೆ ಎಂದು ಕೇಳಿಯೇ ಕೇಳುತ್ತಾರೆ. ನೀವು ಚಂದ್ರನಾಗಿ, ಮಗು ಭೂಮಿಯಾಗಲಿ. ಅದು ನಿಂತಲ್ಲೇ ಒಂದು ಸುತ್ತು ಬರುವಷ್ಟರಲ್ಲಿ ನೀವು ಅದೇ ದಿಕ್ಕಿನಲ್ಲಿ ಒಂದು ಹೆಜ್ಜೆ ಮುಂದೆ ಹೋಗಿ. ನಿಮ್ಮ ಮುಖ ಕಾಣಲು ಅದು ಇನ್ನಷ್ಟು ತಿರುಗಬೇಕು. ಆ ಇನ್ನಷ್ಟೇ ಐವತ್ತು ನಿಮಿಷ. ಶಾಲೆಯಲ್ಲಿ ಮರಾಠಿಯ ಭರತಿ–ಓಹೋಟಿ ಎಂದು ಕಲಿತ ಮಕ್ಕಳ ಬಾಯಿಗೆ ಉಬ್ಬರ–ಇಳಿತವೂ ಬರಲಿ.

ಐವತ್ತು ಸರಾಸರಿ ಮಾತ್ರ. ಹೊರಡುವ ಮುನ್ನ ಅಪೋಲೊ ಬಂದರಿನ ಉಬ್ಬರದ ವೇಳಾಪಟ್ಟಿಯೊಂದಿಗೆ ತಾಳೆ ನೋಡಿ. ಖಾಡಿಯ ಒಳಕ್ಕೆ ನೀರು ತಲುಪುವುದು ಸ್ವಲ್ಪ ತಡ. ಐರೋಲಿಯ ಅರಣ್ಯ ಇಲಾಖೆಯ ಕೇಂದ್ರದ ದೋಣಿಗಳೂ ಉಬ್ಬರ ನೋಡಿಯೇ ಹೊರಡುತ್ತವೆ.

ಭೂಗೋಳ ಬೇಗ ಮುಗಿಯುತ್ತದೆ. ಅನೇಕ ಫ್ಲೆಮಿಂಗೊಗಳು ಬರುವುದು ಗುಜರಾತಿನ ಕಚ್ಛ್‌ನ ರಣ್‌ನಿಂದ; ಭೂಪಟದಲ್ಲಿ ಅಲ್ಲಿಂದ ಠಾಣೆಗೆ ದಾರ ಹಿಡಿದು ಭೂಪಟದ ಸ್ಕೇಲ್‌ನಿಂದ ಅಳೆದರೆ 600 ಕಿ.ಮೀ. ಆಸುಪಾಸು ಬರಬೇಕು. ಈ ಖಾಡಿ 2015ರಲ್ಲಿ ಅಭಯಾರಣ್ಯವಾಯಿತು, 2022ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್‌ಸರ್ ಪಟ್ಟಿ ಸೇರಿತು ಎಂಬುದನ್ನು ಅಂಚಿನಲ್ಲಿ ಬರೆಸಿ.

ಕೊನೆಗೆ ಕನ್ನಡದ ದನಿ

ಇಲ್ಲಿ ಮಾತನಾಡಲು ಬಂದರೂ ಕನ್ನಡ ಬರೆಯಲು ಹಿಂಜರಿಯುವ ಮಕ್ಕಳು ಬಹಳ. ಅದೇ ತುಣುಕಿನ ಒಂದು ನಿಮಿಷಕ್ಕೆ ಕನ್ನಡ ನಿರೂಪಣೆ ಬರೆಸಿ. ಮಾದರಿ ಬೇಕಿದ್ದರೆ 2020ರಲ್ಲಿ ಚಿತ್ರಮಂದಿರಗಳಿಗೆ ಬಂದ ‘ವೈಲ್ಡ್ ಕರ್ನಾಟಕ’ ಇದೆ. ಇಂಗ್ಲಿಷ್ ನಿರೂಪಣೆ ಡೇವಿಡ್ ಅಟೆನ್‌ಬರೊ ಅವರದ್ದು, ಕನ್ನಡದ್ದು ರಿಷಬ್ ಶೆಟ್ಟಿ ಅವರದ್ದು. ಮಕ್ಕಳ ಓದಿನ ವೇಗಕ್ಕೆ ಅರವತ್ತು ಪದ ಸಾಕು. ಸದ್ದು ಬಂದ್ ಮಾಡಿ ಚಿತ್ರ ಓಡಿಸುತ್ತ ಓದಿ, ಫೋನಿನಲ್ಲಿ ರೆಕಾರ್ಡ್ ಮಾಡಲಿ. ಬರೆಯಲು ಕಷ್ಟಪಡುವವರು ಮೊದಲು ಮಾತಾಡಿ, ಆಮೇಲೆ ಕೇಳಿಕೊಂಡು ಬರೆಯಲಿ. ಓದು ಮುಗಿಯುವ ಮೊದಲೇ ದೃಶ್ಯ ಮುಗಿದುಹೋದರೆ ವೇಗವಾಗಿ ಓದಿಸಬೇಡಿ, ಪದ ಕಡಿಮೆ ಮಾಡಿಸಿ. ‘ಗುಲಾಬಿ ಬಣ್ಣದ ಸುಂದರ ಹಕ್ಕಿ’ ಎಂಬ ಸಾಲು ಮೊದಲು ಹೋಗಲಿ, ಅದು ತೆರೆಯ ಮೇಲೆ ಹೇಗೂ ಕಾಣುತ್ತದೆ. ಕೊಕ್ಕಿನೊಳಗೆ ನೀರು ಹೇಗೆ ಸೋಸುತ್ತದೆ ಎಂಬ ಸಾಲು ಉಳಿಯಲಿ.